ಅನ್ಯರ ಪಾತ್ರ, ನಮ್ಮ ಉಪದೇಶ

(ಅಂತಿಮ ಬಿ.ಎ. ತರಗತಿ)

ಕಥೆ ಹೇಳುವ ಆಸೆಯೂ ಬುದ್ಧಿ ಹೇಳುವ ಆಸೆಯೂ ಮನುಷ್ಯನಲ್ಲಿ ಅವಳಿಜವಳಿಯಾಗಿ ಹುಟ್ಟಿರಬೇಕು. ಪಂಚತಂತ್ರದ ಕಾಲದಿಂದಲೂ ನೀತಿಯು ಕಥೆಯ ಹೆಗಲೇರಿಯೇ ಸಂಚರಿಸುತ್ತ ಬಂದಿದೆ. ಒಬ್ಬ ಲೇಖಕನು ತಾನೇ ಕಲ್ಪಿಸಿದ ಪಾತ್ರದ ಬಾಯಿಂದ ತನ್ನ ಮತವನ್ನು ಆಡಿಸಿದರೆ ಆಕ್ಷೇಪಿಸುವವರು ಕಡಮೆ. ಹೊಲ ಅವನದು, ಬಿತ್ತುವ ಬೀಜವೂ ಅವನದು. ಆದರೆ ಬೇರೊಬ್ಬರು ಸೃಷ್ಟಿಸಿದ, ಜನರು ಆಗಲೇ ಮನಸಾರೆ ಮೆಚ್ಚಿಕೊಂಡಿರುವ ಪಾತ್ರವನ್ನು ಕಡ ತಂದು ಅದರ ಬಾಯಲ್ಲಿ ತನ್ನ ಮಾತನ್ನು ಇಟ್ಟರೆ ಅದು ನ್ಯಾಯವೇ? ಈ ಪ್ರಶ್ನೆಯನ್ನು ನನ್ನ ಅಳವಿಗೆ ನಿಲುಕಿದಷ್ಟು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ‘ಫ್ಯಾನ್ ಫಿಕ್ಷನ್’ ಎಂಬ ಒಂದು ಬರವಣಿಗೆಯ ಬಗೆಯುಂಟು. ಅದನ್ನು ನಾವು ‘ಅಭಿಮಾನಿ ಕಥೆ’ ಎನ್ನಬಹುದು. ಒಂದು ಕಾದಂಬರಿಯನ್ನೋ ಚಲನಚಿತ್ರವನ್ನೋ ಮೆಚ್ಚಿದ ಅಭಿಮಾನಿಗಳು ಅದರ ಪಾತ್ರಗಳನ್ನೇ ಎತ್ತಿಕೊಂಡು, ಹಣದ ಅಪೇಕ್ಷೆಯಿಲ್ಲದೆ, ತಮ್ಮ ಸಂತೋಷಕ್ಕಾಗಿ ಬರೆಯುವ ಕಥೆಗಳಿವು. ಅಮೆರಿಕದಲ್ಲಿ 1966ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನದ ಧಾರಾವಾಹಿ ಆರಂಭವಾಯಿತು. ಮರುವರ್ಷವೇ ಅದರ ಅಭಿಮಾನಿಗಳು ‘ಸ್ಪಾಕನೇಲಿಯ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅಂದು ಕೈಯಿಂದ ಕೈಗೆ ಹರಿದಾಡುತ್ತಿದ್ದ ಇಂಥ ಕಥೆಗಳು ಈಗ ಅಂತರಜಾಲದಲ್ಲಿ ಲಕ್ಷಗಟ್ಟಲೆ ಬೆಳೆದಿವೆ. ಇವುಗಳ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ಹ್ಯೂಗೋ ಪ್ರಶಸ್ತಿಯೂ ಬಂದಿತು. ಆದುದರಿಂದ ಇದು ಹುಡುಗಾಟವೆಂದು ತಳ್ಳಿಹಾಕುವ ವಿಷಯವಲ್ಲ.

ಈ ಬಗೆಯ ಕಥೆಗಳಲ್ಲಿ ಉಪದೇಶವು ಅಷ್ಟು ಸುಲಭವಾಗಿ ನುಸುಳುವುದೇಕೆ? ಮೊದಲನೆಯದಾಗಿ, ಪಾತ್ರಪರಿಚಯದ ಶ್ರಮ ಇಲ್ಲಿಲ್ಲ. ಓದುಗನಿಗೆ ನಾಯಕ ಯಾರು, ಅವನ ಗುಣವೇನು ಎಂಬುದು ಮೊದಲೇ ಗೊತ್ತು; ಲೇಖಕನು ನೇರವಾಗಿ ತಾನು ಹೇಳಬೇಕಾದುದಕ್ಕೆ ಕೈಹಾಕಬಹುದು. ಎರಡನೆಯದಾಗಿ, ‘ಇದು ಕಥೆಯಲ್ಲ, ಭಾಷಣ’ ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಸಂಪಾದಕರಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಮೂಲ ಲೇಖಕನು ವರ್ಷಗಟ್ಟಲೆ ದುಡಿದು ಸಂಪಾದಿಸಿದ ಓದುಗರ ವಿಶ್ವಾಸ ಇಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಅಪರಿಚಿತನ ಮಾತನ್ನು ತೂಗಿ ನೋಡುವ ನಾವು ಪ್ರೀತಿಪಾತ್ರರ ಮಾತನ್ನು ತೂಗದೆಯೇ ಒಪ್ಪುತ್ತೇವೆ.

ಅಭಿಮಾನಿಗಳೇ ಈ ದೋಷವನ್ನು ಬಹು ಹಿಂದೆ ಕಂಡುಕೊಂಡು ನಕ್ಕಿದ್ದಾರೆ. 1973ರಲ್ಲಿ ಪಾಲಾ ಸ್ಮಿತ್ ಎಂಬಾಕೆ ಒಂದು ಪುಟ್ಟ ವಿಡಂಬನೆಯನ್ನು ಬರೆದರು. ಅದರ ನಾಯಕಿ ಮೇರಿ ಸೂ. ವಯಸ್ಸು ಹದಿನೈದೂವರೆ, ಆದರೂ ಹಡಗಿನ ಅಧಿಕಾರಿ! ಅವಳಿಗೆ ಬಾರದ ವಿದ್ಯೆಯಿಲ್ಲ, ಅವಳನ್ನು ಮೆಚ್ಚದ ಜನರಿಲ್ಲ. ಲೇಖಕನು ತನ್ನನ್ನೇ ಸಿಂಗರಿಸಿ ಕಥೆಯೊಳಕ್ಕೆ ಕಳುಹಿಸುವ ಇಂಥ ಪಾತ್ರಕ್ಕೆಲ್ಲ ಅಂದಿನಿಂದ ‘ಮೇರಿ ಸೂ’ ಎಂಬ ಹೆಸರೇ ನಿಂತಿತು. ಉಪದೇಶದ ಕಥೆಗಳಲ್ಲಿಯೂ ಒಬ್ಬ ಮೇರಿ ಸೂ ಇರುತ್ತಾಳೆ. ಆದರೆ ಅಲ್ಲಿ ಸಿಂಗರಿಸಿಕೊಂಡು ಬರುವುದು ಲೇಖಕನ ರೂಪವಲ್ಲ, ಅವನ ಅಭಿಪ್ರಾಯ.

ಈಗ ಒಂದೆರಡು ನಿದರ್ಶನಗಳನ್ನು ನೋಡೋಣ. ಹ್ಯಾರಿ ಪಾಟರನ ಕಥೆ ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದು. ಅಮೆರಿಕದ ಎಲೀಜರ್ ಯುಡ್ಕೋವ್‌ಸ್ಕಿ ಎಂಬವರು 2010ರಿಂದ 2015ರವರೆಗೆ ‘ಹ್ಯಾರಿ ಪಾಟರ್ ಅಂಡ್ ದ ಮೆಥಡ್ಸ್ ಆಫ್ ರ್‍ಯಾಷನಾಲಿಟಿ’ ಎಂಬ ಅಭಿಮಾನಿ ಕಥೆಯನ್ನು 122 ಅಧ್ಯಾಯಗಳಲ್ಲಿ ಬರೆದರು. ಇದರಲ್ಲಿ ಹ್ಯಾರಿಯ ದೊಡ್ಡಮ್ಮ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರನ್ನು ಮದುವೆಯಾಗಿದ್ದಾಳೆ. ಹುಡುಗ ವಿಜ್ಞಾನವನ್ನು ಓದಿ ಬೆಳೆದಿದ್ದಾನೆ. ತರ್ಕಬದ್ಧವಾಗಿ ಯೋಚಿಸುವುದನ್ನು ಓದುಗರಿಗೆ ಕಲಿಸಬೇಕೆಂಬುದು ಲೇಖಕರು ಮುಚ್ಚಿಡದ ಉದ್ದೇಶ. ಉದಾಹರಣೆಗೆ, ಮನೋವಿಜ್ಞಾನಿ ಪೀಟರ್ ವಾಸನ್ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಹ್ಯಾರಿ ರೈಲಿನಲ್ಲಿ ಹರ್ಮೈನಿಯ ಮೇಲೆ ಮಾಡಿನೋಡುತ್ತಾನೆ. 2, 4, 6 ಎಂಬ ಅಂಕಿಗಳು ಒಂದು ನಿಯಮಕ್ಕೆ ಒಳಪಟ್ಟಿವೆ. ಬೇರೆ ಅಂಕಿಗಳನ್ನು ಹೇಳಿ ಪರೀಕ್ಷಿಸಿ ಆ ನಿಯಮವನ್ನು ಕಂಡುಹಿಡಿಯಬೇಕು. ಸಾಮಾನ್ಯವಾಗಿ ಎಲ್ಲರೂ ತಮ್ಮ ಊಹೆಗೆ ಹೊಂದುವ ಅಂಕಿಗಳನ್ನೇ ಹೇಳುತ್ತ ಹೋಗುತ್ತಾರೆ. ಊಹೆಯನ್ನು ಮುರಿಯಬಲ್ಲ ಅಂಕಿಯನ್ನು ಹೇಳುವುದಿಲ್ಲ. ನಿಯಮವಾದರೋ, ಅಂಕಿಗಳು ಏರುತ್ತ ಹೋಗಬೇಕು ಎಂಬಷ್ಟೆ! ನಾಲ್ಕು ಪುಟದ ಪಾಠ ಇಲ್ಲಿ ಒಂದು ಆಟವಾಗಿದೆ. ಮುಂದೆ ಹ್ಯಾರಿಯ ಊಹೆಗಳನ್ನೂ ಹರ್ಮೈನಿಯ ಪ್ರಯೋಗಗಳು ತಲೆಕೆಳಗು ಮಾಡುತ್ತವೆ. ಹನ್ನೊಂದು ವರ್ಷದ ಹುಡುಗನು ಉಪನ್ಯಾಸಕರಂತೆ ಮಾತನಾಡುತ್ತಾನೆಂಬ ಆಕ್ಷೇಪಣೆ ಇದ್ದೇ ಇದೆ. ಆದರೂ ಗುರುವೇ ಸೋಲಬಹುದಾದ ಪಾಠ ಕೇಳಲು ಯೋಗ್ಯವಾದುದು.

ಅದೇ ಹ್ಯಾರಿ ಪಾಟರನನ್ನು ಹಿಡಿದು 2014ರಲ್ಲಿ ಇನ್ನೊಂದು ಕಥೆ ಹೊರಟಿತು. ಅದರಲ್ಲಿ ಮಂತ್ರವಿದ್ಯೆಯ ಬದಲು ಪ್ರಾರ್ಥನೆ, ಪವಾಡಗಳು. ಹ್ಯಾಗ್ರಿಡನು ಕ್ರೈಸ್ತ ಮತಪ್ರಚಾರಕನಾಗಿ ಬಾಗಿಲಿಗೆ ಬರುತ್ತಾನೆ. ನಂಬದವರ ಬಾಯಲ್ಲಿ ಒಂದಾದರೂ ಗಟ್ಟಿಯಾದ ಮಾತಿಲ್ಲ. ಅವರು ಸೋಲುವುದಕ್ಕಾಗಿಯೇ ಹುಟ್ಟಿದವರು. ಪರಿಣಾಮವೇನಾಯಿತೆಂದರೆ, ಇದು ಭಕ್ತಿಯಿಂದ ಬರೆದುದೋ ಭಕ್ತಿಯನ್ನು ಅಣಕಿಸಲು ಬರೆದುದೋ ಎಂಬ ಚರ್ಚೆಯೇ ಓದುಗರಲ್ಲಿ ಎದ್ದಿತು. ನಂಬಿಕೆಯನ್ನು ಹೇಳಿದುದು ಇಲ್ಲಿಯ ದೋಷವಲ್ಲ. ಎದುರಾಳಿಗೆ ನಾಲಗೆಯನ್ನು ಕೊಡದಿದ್ದುದು ದೋಷ. ನಾಸ್ತಿಕವಾದವನ್ನು ಸಾರುವ ಕಥೆ ಹೀಗೆ ಮಾಡಿದ್ದರೂ ಗತಿ ಇದೇ ಆಗುತ್ತಿದ್ದಿತು. ಏಕಪಕ್ಷೀಯವಾದ ಉಪದೇಶವು ಹೆಚ್ಚಿದಂತೆಲ್ಲ ತನ್ನ ಅಣಕವನ್ನೇ ಹೋಲತೊಡಗುತ್ತದೆ.

ಇನ್ನು ಅಚ್ಚಾದ ಗ್ರಂಥಗಳಲ್ಲಿಯೂ ಈ ಜಾತಿಗೆ ಸೇರುವಂಥವು ಇವೆ. ಟೋಲ್ಕಿನ್ನರ ‘ದ ಲಾರ್ಡ್ ಆಫ್ ದ ರಿಂಗ್ಸ್’ 1954-55ರಲ್ಲಿ ಪ್ರಕಟವಾಯಿತು. ರಷ್ಯದ ಕಿರಿಲ್ ಎಸ್ಕೋವ್ 1999ರಲ್ಲಿ ಅದನ್ನು ಸೋತವರ ಕಡೆಯಿಂದ ತಿರುಗಿಸಿ ಬರೆದರು. ಅಲ್ಲಿ ಮೂಲದ ಕತ್ತಲ ನಾಡು ವಿಜ್ಞಾನದತ್ತ ಹೆಜ್ಜೆಯಿಡುತ್ತಿದ್ದ ನಾಡಾಗಿದೆ. ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ ‘ವೈಡ್ ಸರ್ಗಾಸೋ ಸೀ’ ಎಂಬ ಕಾದಂಬರಿಯನ್ನು ಬರೆದರು. 1847ರ ‘ಜೇನ್ ಏರ್’ ಕಾದಂಬರಿಯಲ್ಲಿ ಅಟ್ಟದ ಕೋಣೆಯಲ್ಲಿ ಕೂಡಿಹಾಕಲ್ಪಟ್ಟ ಹುಚ್ಚು ಹೆಂಡತಿಯೇ ಇಲ್ಲಿ ನಾಯಕಿ. ವಸಾಹತಿನ ಹೆಣ್ಣಿನ ನೋವನ್ನು ಹೇಳಬೇಕೆಂಬ ಹಟ ಲೇಖಕಿಗೆ ಇದ್ದಿತು. ಆದರೂ ಎರಡನೆಯ ಭಾಗದ ಬಹುಪಾಲನ್ನು ಅವಳ ಗಂಡನ ಬಾಯಿಂದಲೇ ಹೇಳಿಸಿದ್ದಾರೆ. ಕಟಕಟೆಯಲ್ಲಿ ನಿಲ್ಲಿಸಿದವನಿಗೂ ಮಾತನಾಡಲು ಅವಕಾಶವಿತ್ತ ಈ ಔದಾರ್ಯದಿಂದಲೇ ಆ ಕೃತಿ ಬಾಳಿತೆಂದು ನನ್ನ ನಂಬಿಕೆ.

ನಮ್ಮ ಕನ್ನಡಕ್ಕೆ ಇದೆಲ್ಲ ಹೊಸತೆಂದು ಯಾರೂ ಭಾವಿಸಬೇಕಾಗಿಲ್ಲ. ಆದಿಕವಿ ಪಂಪನು ಭಾರತದ ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡನು. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಮೋಕ್ಷಗಾಮಿಯಾದ ರಾಮನ ಕೈಗೆ ಹಿಂಸೆ ಅಂಟಬಾರದೆಂಬುದು ಜೈನ ಪರಂಪರೆಯ ದೃಷ್ಟಿ. ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕ (1944) ಇನ್ನೂ ಹತ್ತಿರದ ನಿದರ್ಶನ. ಉತ್ತರಕಾಂಡದಲ್ಲಿ ರಾಮನು ಶಂಬೂಕನನ್ನು ವಧಿಸುತ್ತಾನೆ. ಕುವೆಂಪು ಅವರಲ್ಲಿ ರಾಮನ ಅಸ್ತ್ರವು ತಪಸ್ವಿಯನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನ ಬೆನ್ನಟ್ಟುತ್ತದೆ. ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸಬಹುದೇ ಎಂದು ಮಾಸ್ತಿಯವರಂಥ ಹಿರಿಯರು ಆಕ್ಷೇಪಿಸಿದರು. ಕನ್ನಡದ ಇಬ್ಬರು ಮಹನೀಯರ ನಡುವಣ ಆ ಭಿನ್ನಾಭಿಪ್ರಾಯ ಇಂದಿಗೂ ನಮಗೆ ಪಾಠವಾಗಿದೆ. ನನ್ನ ಅಲ್ಪಮತಿಗೆ ತೋರುವುದಿಷ್ಟು: ನಾಟಕದಲ್ಲಿ ಬ್ರಾಹ್ಮಣನು ನಾಶವಾಗುವುದಿಲ್ಲ, ಅವನ ಕಣ್ಣು ತೆರೆಯುತ್ತದೆ. ಎದುರಾಳಿಗೂ ಬದಲಾಗುವ ಯೋಗ್ಯತೆಯಿದೆಯೆಂದು ಕವಿ ನಂಬಿರುವುದರಿಂದ ಅದು ಬರಿಯ ಉಪದೇಶವಾಗಿ ಉಳಿಯಲಿಲ್ಲ.

ನಮ್ಮ ಕರಾವಳಿಯ ತಾಳಮದ್ದಳೆಯಂತೂ ಈ ಕಲೆಯ ದೊಡ್ಡ ಪಾಠಶಾಲೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾರೆ. ಮಾತು ಬರೆದುಕೊಂಡು ಬಂದುದಲ್ಲ, ಆಗಿಂದಾಗ ಹುಟ್ಟುವುದು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಮೊದಲಾದವರು ಇದರಲ್ಲಿ ಹೆಸರಾದವರು. ಅರ್ಥಧಾರಿಗೂ ತನ್ನದೇ ಅಭಿಪ್ರಾಯಗಳಿರುತ್ತವೆ. ಅವು ವಾಲಿಯ ಬಾಯಲ್ಲಿಯೋ ಕರ್ಣನ ಬಾಯಲ್ಲಿಯೋ ಹೊರಬರುತ್ತವೆ. ಆದರೆ ಎದುರಿಗೆ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾನೆ! ‘ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ?’ ಎಂದು ವಾಲಿ ಕೇಳಿದರೆ ರಾಮನು ಉತ್ತರಿಸಲೇಬೇಕು; ಉತ್ತರ ಸಪ್ಪೆಯಾದರೆ ಸಭೆಗೆ ಕೂಡಲೇ ತಿಳಿಯುತ್ತದೆ. ಉಪದೇಶದ ವಿಷಕ್ಕೆ ಮದ್ದು ಆಟದ ಒಳಗೇ ಇದೆ.

ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲವೆಂಬುದಕ್ಕೆ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಅಜ್ಜಿಗೆ ಅಕ್ಷರ ಬಾರದು. ತಂಗಿಯನ್ನು ಪೇಟೆಯ ಪದವಿಪೂರ್ವ ಕಾಲೇಜಿಗೆ ಸೇರಿಸುವ ಮಾತು ನಡೆದಿದ್ದ ದಿನಗಳಲ್ಲಿ ಯಾರದೋ ಮೊಬೈಲಿನಿಂದ ಒಂದು ಕಥೆ ಬಂದಿತು. ಅದರಲ್ಲಿ ಕೃಷ್ಣನು ದ್ರೌಪದಿಗೆ, ಹೆಣ್ಣು ಹೊಸಿಲು ದಾಟಿ ವಿದ್ಯೆಯ ಬೆನ್ನು ಹತ್ತಿದರೆ ಕುಲಕ್ಕೆ ಕೇಡೆಂದು ಬೋಧಿಸುತ್ತಾನೆ. ಬರೆದವರ ಹೆಸರಿಲ್ಲ. ಓದಿ ಹೇಳಿದುದನ್ನು ಕೇಳಿದ ಅಜ್ಜಿಗೆ ಅದು ಸಾಕ್ಷಾತ್ ಕೃಷ್ಣನ ಮಾತೇ ಆಯಿತು. ‘ಇದು ಭಾರತದಲ್ಲಿಲ್ಲ’ ಎಂದು ನಾನು ಹೇಳಿದುದು ಅವರಿಗೆ ಹಿಡಿಸಲಿಲ್ಲ. ಆಗ ಅಪ್ಪ, ‘ಅಮ್ಮಾ, ಇದಕ್ಕೆ ದ್ರೌಪದಿ ಎಂತ ಹೇಳಿದಳಂತೆ? ತುಂಬಿದ ಸಭೆಯಲ್ಲಿ ಭೀಷ್ಮನನ್ನೇ ಪ್ರಶ್ನೆ ಕೇಳಿದವಳು ಇಲ್ಲಿ ಸುಮ್ಮನೆ ಕೂತಳಾ?’ ಎಂದರು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ‘ಅವಳು ಸುಮ್ಮನೆ ಕೂರುವವಳಲ್ಲ’ ಎಂದರು. ತಂಗಿ ಈಗ ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಳೆ. ರಾತ್ರಿಯಿಡೀ ಕುಳಿತು ತಾಳಮದ್ದಳೆ ಕೇಳಿದವರು ಪುಸ್ತಕವಿಲ್ಲದೆಯೂ ವಿಮರ್ಶಕರಾಗಬಲ್ಲರೆಂದು ಅಂದು ಕಂಡೆನು.

ಅಪ್ಪನ ಆ ಒಂದು ಮಾತಿನಿಂದ ಮೂರು ಪರೀಕ್ಷೆಗಳನ್ನು ನಾನು ಹೊರತೆಗೆಯಬಲ್ಲೆ. ಕಡ ತಂದ ಪಾತ್ರವು ತನ್ನ ಸ್ವಭಾವವನ್ನು ಉಳಿಸಿಕೊಂಡಿದೆಯೇ? ಒಂದು ವೇಳೆ ಸ್ವಭಾವ ಬದಲಾಗಿದ್ದರೆ, ಅದಕ್ಕೆ ಕಥೆಯೊಳಗೇ ಕಾರಣವಿರಬೇಕು. ಎದುರು ಪಕ್ಷಕ್ಕೆ ಅದರ ಅತ್ಯುತ್ತಮವಾದ ಮಾತು ದೊರೆತಿದೆಯೇ? ಬರೆದವರು, ಇದು ಮೂಲವಲ್ಲ, ನನ್ನ ಕಟ್ಟು ಎಂದು ಬಹಿರಂಗವಾಗಿ ಹೇಳಿದ್ದಾರೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಲೇಖಕನ ಮತ ನಮಗೆ ಒಪ್ಪಿಗೆಯಾಗದಿದ್ದರೂ ಅವನ ಕಥೆಯನ್ನು ಗೌರವಿಸಬಹುದು. ಮೂರಕ್ಕೂ ಇಲ್ಲವೆಂದಾದರೆ, ಮತವು ನಮ್ಮದೇ ಆಗಿದ್ದರೂ ಆ ಕಥೆಯನ್ನು ದೂರವಿಡಬೇಕು. ಈ ಎರಡನೆಯದೇ ಕಷ್ಟ. ನಮಗೆ ಹಿಡಿಸಿದ ಮಾತನ್ನು ರಾಮನೋ ಬುದ್ಧನೋ ಬಸವಣ್ಣನೋ ಆಡಿದಂತೆ ಬರೆದಾಗ, ಹೀಗೆ ಅವರು ಆಡಿದ್ದುಂಟೇ ಎಂದು ಕೇಳುವ ಮನಸ್ಸು ನಮಗೆ ಬರುವುದಿಲ್ಲ.

‘ಹಾಗಾದರೆ ಹೇಳಬೇಕಾದುದನ್ನು ಹೇಳುವುದೇ ಬೇಡವೆ?’ ಎಂದು ಕೇಳುವವರಿದ್ದಾರೆ. ಖಂಡಿತ ಹೇಳಬೇಕು. ತಲೆಮಾರುಗಳಿಂದ ಮಾತನಾಡದಿದ್ದ ಮನೆಗಳಿಂದ ಬಂದ ನನ್ನಂಥವರಿಗೆ ಹೇಳುವುದು ಬಹಳವಿದೆ. ಜನ ಬಲ್ಲ ಪಾತ್ರಗಳ ಮೂಲಕ ಹೇಳಿದರೆ ಬೇಗ ತಲಪುತ್ತದೆಂಬುದೂ ನಿಜ. ಆದರೆ ಟೋಲ್ಕಿನ್ನರು ತಮ್ಮ ಗ್ರಂಥದ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ತೋರಿಸಿಕೊಟ್ಟ ಒಂದು ವ್ಯತ್ಯಾಸವನ್ನು ಮರೆಯಬಾರದು: ಕಥೆಯಿಂದ ಅರ್ಥವನ್ನು ಓದುಗನು ತಾನಾಗಿ ತೆಗೆದುಕೊಳ್ಳುವುದು ಬೇರೆ, ಲೇಖಕನು ಅದನ್ನು ಅವನ ಮೇಲೆ ಹೇರುವುದು ಬೇರೆ. ಮೊದಲನೆಯದರಲ್ಲಿ ಓದುಗನಿಗೆ ಸ್ವಾತಂತ್ರ್ಯವಿದೆ, ಎರಡನೆಯದರಲ್ಲಿ ಇಲ್ಲ.

ನಮ್ಮ ಕಾಲೇಜಿನಲ್ಲಿಯೂ ಮೆಚ್ಚಿನ ಚಿತ್ರದ, ಮೆಚ್ಚಿನ ಪುರಾಣದ ಪಾತ್ರಗಳನ್ನಿಟ್ಟುಕೊಂಡು ಮೊಬೈಲಿನಲ್ಲಿ ಕಥೆ ಬರೆಯುವ ಗೆಳೆಯ ಗೆಳತಿಯರಿದ್ದಾರೆ. ಅವರು ಬರೆಯಲಿ, ಬಹಳ ಬರೆಯಲಿ. ಬರೆದ ಮೇಲೆ, ತಮ್ಮ ನಾಯಕನ ಮಾತಿಗೆ ಎದುರಾಡಲು ಕಥೆಯಲ್ಲಿ ಇನ್ನೊಬ್ಬರು ಕುಳಿತಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಲಿ. ಕುಳಿತಿರದಿದ್ದರೆ ಅವರಿಗೊಂದು ಚಾಪೆ ಹಾಸಿ ಕರೆದು ಕೂರಿಸಲಿ ಎಂಬುದಷ್ಟೇ ನನ್ನ ಬಿನ್ನಹ.