ತಿಥಿ ನೋಡಿ ಕಡಲಿಗಿಳಿಯಿರಿ

ಅಂಡಮಾನಿಗೆ ಹೊರಟವರು ಮೊದಲು ಕೇಳುವುದು ‘ಯಾವ ಬೀಚ್ ಚೆಂದ?’ ಎಂದು. ಚೆಂದವಲ್ಲದ ಕಡಲತೀರ ಆ ದ್ವೀಪಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಪ್ರವಾಸ ಸಂಸ್ಥೆಗಳ ಚಿತ್ರಗಳಲ್ಲಂತೂ ಎಲ್ಲವೂ ಒಂದೇ: ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗು. ತೀರ ಯಾವ ದಿಕ್ಕಿಗೆ ಮುಖ ಮಾಡಿದೆ, ನೀರು ಯಾವಾಗ ಇಳಿಯುತ್ತದೆ ಎಂಬುದನ್ನು ಮಾತ್ರ ಚಿತ್ರ ಹೇಳುವುದಿಲ್ಲ. ನನ್ನ ಮಟ್ಟಿಗೆ ಆಯ್ಕೆ ನಿಲ್ಲಬೇಕಾದದ್ದು ಇವುಗಳ ಮೇಲೆಯೇ.

ಹ್ಯಾವ್ಲಾಕ್ ದ್ವೀಪವನ್ನೇ ನೋಡಿ. 2018ರಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ವಸತಿಗೃಹಗಳು ಹೆಚ್ಚಾಗಿರುವುದು ಪೂರ್ವ ದಂಡೆಯ ಗೋವಿಂದನಗರ, ವಿಜಯನಗರಗಳಲ್ಲಿ. (ಇವು ದೇಶವಿಭಜನೆಯ ಬಳಿಕ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಊರುಗಳು; ನಮ್ಮ ಹಂಪೆಗೂ ಈ ವಿಜಯನಗರಕ್ಕೂ ನಂಟಿಲ್ಲ.) ಉಬ್ಬರದಲ್ಲಿ ತೋಟದ ಅಂಚಿಗೇ ಬಂದು ನಿಲ್ಲುವ ಕಡಲು, ಇಳಿತದಲ್ಲಿ ನೂರಾರು ಮೀಟರ್ ಹಿಂದೆ ಸರಿಯುತ್ತದೆ. ಉಳಿಯುವುದು ಹವಳದ ಮೊನಚು ಕಲ್ಲುಗಳು. ಈಜುವ ಮಾತಿರಲಿ, ಬರಿಗಾಲಲ್ಲಿ ನಡೆಯುವುದೂ ಕಷ್ಟ. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಕರೆತಂದವರಿಗೆ ಇದು ಸಣ್ಣ ನಿರಾಸೆಯಲ್ಲ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ವೇಳೆ ದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಎಂದರೆ ಸ್ನೇಹಿತರು ನಗುತ್ತಾರೆ. ನಮ್ಮ ಕರಾವಳಿಯ ಮೀನುಗಾರರು ನಗಲಾರರು.

ಪಶ್ಚಿಮಕ್ಕೆ ಮುಖ ಮಾಡಿದ ರಾಧಾನಗರದ ಕತೆ ಬೇರೆ. 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದ ಅತ್ಯುತ್ತಮ ತೀರವೆಂದು ಹೊಗಳಿದ್ದು ಇದನ್ನೇ. 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡುಗಳ ಜೊತೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದದ್ದೂ ಇದೇ. ತಳವೆಲ್ಲ ಮರಳಾದ್ದರಿಂದ ಇಳಿತದಲ್ಲೂ ನೀರಿಗಿಳಿಯಬಹುದು. ಚಳಿಗಾಲದಲ್ಲಿ ಶಾಂತವಾಗಿರುವ ಇದೇ ತೀರ ನೈಋತ್ಯ ಮುಂಗಾರಿನಲ್ಲಿ ಮುನಿಯುತ್ತದೆ. ಆಗ ಪೂರ್ವದ ದಂಡೆಯೇ ಲೇಸು. ಸೂರ್ಯಾಸ್ತ ನೋಡುವವರಿಗೆ ಇನ್ನೊಂದು ಮಾತು. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದೂ ನಮ್ಮ ಗಡಿಯಾರವನ್ನೇ ಅನುಸರಿಸುವುದರಿಂದ, ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಆಸುಪಾಸಿಗೇ ಹೊತ್ತು ಮುಳುಗುತ್ತದೆ.

ಬಹುಮಾನ ಪಡೆದ ತೀರವೆಂದು ಮೈಮರೆಯುವಂತಿಲ್ಲ. 2010ರಲ್ಲಿ ಹ್ಯಾವ್ಲಾಕ್‌ನಲ್ಲಿ ಅಮೆರಿಕದ ಪ್ರವಾಸಿ ಯುವತಿಯೊಬ್ಬಳು ಉಪ್ಪುನೀರಿನ ಮೊಸಳೆಗೆ ಬಲಿಯಾದಳು. ಈ ಮೊಸಳೆಗಳ ನೆಲೆ ಕಾಂಡ್ಲಾ ಕಾಡಿನ ತೊರೆಗಳು. ತೊರೆ ಕಡಲು ಸೇರುವ ಜಾಗ ಎಷ್ಟೇ ಮನೋಹರವಾಗಿದ್ದರೂ ಅಲ್ಲಿ ಇಳಿಯಬಾರದು. ಎಚ್ಚರಿಕೆಯ ಫಲಕಕ್ಕೇ ಒರಗಿ ಫೋಟೊ ತೆಗೆಸಿಕೊಳ್ಳುವವರ ಧೈರ್ಯ ನನಗಿಲ್ಲ.

ಹವಳ ನೋಡುವ ಆಸೆಗೆ ಎಲಿಫೆಂಟ್ ಬೀಚ್ ಇದೆ, ಪಕ್ಕದ ನೀಲ್ ದ್ವೀಪದಲ್ಲಿ ಭರತ್‌ಪುರವಿದೆ. 2010ರಲ್ಲಿ ಸಮುದ್ರ ಬಿಸಿಯೇರಿ ಅಂಡಮಾನಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದವು. ಉಳಿದದ್ದರ ಮೇಲೆ ಕಾಲೂರದೆ ತೇಲಬಲ್ಲವರು ಮಾತ್ರ ಅಲ್ಲಿಗೆ ಹೋಗಲಿ.

ಚಳಿಗಾಲದಲ್ಲಿ, ಮಕ್ಕಳು ವೃದ್ಧರೊಡನೆ ಹೋಗುವವರಾದರೆ ಪೂರ್ವದಲ್ಲಿ ತಂಗಿ, ಸೂರ್ಯೋದಯ ನೋಡಿ; ಊಟ ಮುಗಿದೊಡನೆ ರಾಧಾನಗರಕ್ಕೆ ಹೊರಡಿ. ನಡುವಿನ ದಾರಿ ಹತ್ತು ಕಿಲೋಮೀಟರಿನ ಆಸುಪಾಸು, ಅಷ್ಟೆ.