ಬಾಂಬ್‌ನ ಹತ್ತಿರ ಹೋಗುವವರಿಗೆ ನಾವು ಏನು ಕೊಟ್ಟಿದ್ದೇವೆ?

2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಒಂದು ಬ್ಯಾಗ್ ಸಿಕ್ಕಿತು. ಒಳಗೆ ಸ್ಫೋಟಕ ಇದೆ ಅಂತ ಗೊತ್ತಾದ ಮೇಲೆ ಅದನ್ನು ವಿಶೇಷ ವಾಹನದಲ್ಲಿ ಕೆಂಜಾರು ಮೈದಾನಕ್ಕೆ ಒಯ್ದು, ಮರಳಿನ ಚೀಲಗಳ ನಡುವೆ ಇಟ್ಟು ಸಿಡಿಸಲಾಯಿತು. ಗಲ್ಫ್‌ಗೆ ಹೋಗುವ ಮಕ್ಕಳನ್ನು, ಉಮ್ರಾಕ್ಕೆ ಹೊರಟ ಹಿರಿಯರನ್ನು ಬೀಳ್ಕೊಡಲು ನಮ್ಮ ಮನೆಮಂದಿಯೆಲ್ಲ ಹೋಗಿ ನಿಲ್ಲುವ ಜಾಗ ಅದು. ಅವತ್ತು ಯಾರಿಗೂ ಏನೂ ಆಗಲಿಲ್ಲ. ನಾವು ಟಿವಿ ನೋಡಿದೆವು, ಎರಡು ದಿನ ಮಾತಾಡಿದೆವು, ಮರೆತೆವು.

ಅಲ್ಲಿ ಕೆಲಸ ಮಾಡಿದ್ದು ಪೊಲೀಸರು ಮತ್ತು ಸಿಐಎಸ್‌ಎಫ್‌ನವರು. ಗಡಿಯಲ್ಲಿ, ಸೇನಾ ನೆಲೆಗಳಲ್ಲಿ ಇದೇ ಕೆಲಸ ಸೈನಿಕರದು. ನೆಲಬಾಂಬ್, ಸಿಡಿಯದೆ ಉಳಿದ ಶೆಲ್, ರಸ್ತೆಯಡಿ ಹೂತಿಟ್ಟ ಐಇಡಿ, ಎಲ್ಲವನ್ನೂ ಅವರೇ ತೆಗೆಯಬೇಕು.

2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ನಡೆದಾಗ ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ದಳದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರು ಹತನಾದ ಉಗ್ರನ ಶವ ಪರಿಶೀಲಿಸುವಾಗ ಗ್ರೆನೇಡ್ ಸಿಡಿದು ಹುತಾತ್ಮರಾದರು. ಮೂಲ ಪಾಲಕ್ಕಾಡ್ ಕಡೆ, ಕುಟುಂಬ ನೆಲೆಸಿದ್ದು ಬೆಂಗಳೂರಿನಲ್ಲಿ. ಅವರಿಗೆ ಪುಟ್ಟ ಮಗಳಿದ್ದಳು. ಇಂತಹ ಶವವನ್ನು ಕೈಯಿಂದ ಮುಟ್ಟುವ ಮೊದಲು ಹಗ್ಗ, ಕೊಕ್ಕೆ ಹಾಕಿ ದೂರದಿಂದ ಎಳೆದು ನೋಡುವ ಕ್ರಮ ಇದೆ. ಹಾಗಾಗಿ ಸಲಕರಣೆ, ಕ್ರಮ ಎಲ್ಲ ಸರಿಯಿತ್ತಾ ಅಂತ ಆಗ ದೇಶದಲ್ಲಿ ಚರ್ಚೆಯಾಯಿತು. ಪ್ರಶ್ನೆ ಈಗಲೂ ಹಳತಾಗಿಲ್ಲ.

ಮೊದಲು ಉಡುಪಿನ ವಿಷಯ. ಬಾಂಬ್ ಸೂಟ್‌ನ ತೂಕ ಸುಮಾರು 35ರಿಂದ 40 ಕಿಲೋ. ಮುಕ್ಕಾಲು ಮೂಟೆ ಅಕ್ಕಿಯನ್ನು ಮೈಗೆ ಕಟ್ಟಿಕೊಂಡು ಬಿಸಿಲಲ್ಲಿ ಬಗ್ಗಿ ಕೆಲಸ ಮಾಡಿದ ಹಾಗೆ. ಬೆವರು, ಉಸಿರುಕಟ್ಟು, ಹೆಲ್ಮೆಟ್ಟಿನ ಗಾಜಿಗೆ ಮಂಜು. ತಂತಿ ಹಿಡಿಯಲು ಬೆರಳು ಆಡಬೇಕಲ್ಲ, ಅದಕ್ಕೆ ಸಾಮಾನ್ಯವಾಗಿ ಕೈಗಳಿಗೆ ಮಾತ್ರ ಆ ರಕ್ಷಣೆ ಇರುವುದಿಲ್ಲ. ಬಾಂಬ್ ತೀರಾ ದೊಡ್ಡದಾದರೆ ಸೂಟ್ ಕೂಡ ಜೀವ ಉಳಿಸದು. ಹಗುರ, ಒಳಗೆ ತಂಪು ಇರುವ ಸೂಟ್ ಬೇಕೆನ್ನುವುದು ಸುಖಕ್ಕಲ್ಲ. ದಣಿದ ಕೈ ತಪ್ಪು ಮಾಡುತ್ತದೆ.

ಆದ್ದರಿಂದ ಮನುಷ್ಯ ಹೋಗದೆ ಯಂತ್ರ ಹೋಗುವುದೇ ಒಳ್ಳೆಯದು. ಇದನ್ನು ಮೊದಲು ತೋರಿಸಿದ್ದು ಬ್ರಿಟಿಷ್ ಸೇನೆ. 1972ರಲ್ಲಿ ಉತ್ತರ ಐರ್ಲೆಂಡ್‌ನಲ್ಲಿ ಕಾರ್ ಬಾಂಬ್‌ಗಳಿಗೆ ಸೈನಿಕರು ಬಲಿಯಾಗುತ್ತಿದ್ದಾಗ, ಪೀಟರ್ ಮಿಲ್ಲರ್ ಎಂಬ ಅಧಿಕಾರಿ ತೋಟದ ಬ್ಯಾಟರಿ ಕೈಗಾಡಿಯನ್ನೇ ಮಾರ್ಪಡಿಸಿ ದೂರದಿಂದ ನಡೆಸುವ ಯಂತ್ರ ಮಾಡಿಸಿದರು. ಅದರ ಹೆಸರೂ 'ವೀಲ್‌ಬ್ಯಾರೋ', ಅಂದರೆ ಕೈಗಾಡಿ ಅಂತಲೇ ಉಳಿಯಿತು.

ನಮ್ಮಲ್ಲಿ ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ 'ದಕ್ಷ್' ರೋಬೋಟ್ ತಯಾರಿಸಿತು. 2011ರಲ್ಲಿ ಅದು ಸೇನೆಗೆ ಸೇರಿತು. ಸುಮಾರು 500 ಮೀಟರ್ ದೂರದಿಂದ ಅದನ್ನು ನಡೆಸಬಹುದು. ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ತೆಗೆಯುತ್ತದೆ. ನೀರನ್ನು ಬಲವಾಗಿ ಚಿಮ್ಮಿಸಿ, ಬಾಂಬ್ ಸಿಡಿಯುವ ಮೊದಲೇ ಅದರ ತಂತಿ, ಬ್ಯಾಟರಿಗಳನ್ನು ಚದುರಿಸುತ್ತದೆ. ದೊಡ್ಡ ಯಂತ್ರ ರೈಲು, ವಿಮಾನದ ಒಳಗೆ ನುಗ್ಗಲಾರದು; ಅದಕ್ಕೆ ಚಿಕ್ಕ ಮಾದರಿಯೂ ಬಂದಿದೆ. ಆದರೆ ರೋಬೋಟ್ ದೂರದ ಡಿಪೋದಲ್ಲಿದ್ದು ಬಾಂಬ್ ಬೆಟ್ಟದ ಮೇಲಿದ್ದರೆ ಏನು ಪ್ರಯೋಜನ? ಬೇಕಾದಲ್ಲಿ, ಬೇಕಾದ ಹೊತ್ತಿಗೆ ಅದು ಕೈಗೆ ಸಿಗಬೇಕು, ಕೆಟ್ಟರೆ ಬಿಡಿಭಾಗ ಸಿಗಬೇಕು.

ಸಲಕರಣೆಯಷ್ಟೇ ಮುಖ್ಯ ತರಬೇತಿ. ಪಾಠ ಕಲಿಸುವ ನಮಗೆ ಇದು ಚೆನ್ನಾಗಿ ಗೊತ್ತು: ಒಮ್ಮೆ ಬಾಯಿಪಾಠ ಮಾಡಿಸಿ ಬಿಟ್ಟರೆ ಮಕ್ಕಳಿಗೆ ಉಳಿಯುವುದಿಲ್ಲ, ಮತ್ತೆ ಮತ್ತೆ ಒಪ್ಪಿಸಬೇಕು. ಇಲ್ಲಿ ಪಾಠವೇ ಬದಲಾಗುತ್ತಾ ಇರುತ್ತದೆ. ನಿನ್ನೆ ಟೈಮರ್, ಇವತ್ತು ಮೊಬೈಲ್, ನಾಳೆ ಡ್ರೋನ್. ಹರಿಯಾಣದ ಮಾನೇಸರದಲ್ಲಿರುವ ಎನ್‌ಎಸ್‌ಜಿಯ ರಾಷ್ಟ್ರೀಯ ಬಾಂಬ್ ಡೇಟಾ ಸೆಂಟರ್ ದೇಶದ ಸ್ಫೋಟಗಳ ಮಾಹಿತಿ ಕೂಡಿಡುತ್ತದೆ. ಅಲ್ಲಿ ಕಲಿತದ್ದು ಗಡಿಯ ಸೈನಿಕನಿಗೂ ಜಿಲ್ಲೆಯ ಪೊಲೀಸನಿಗೂ ಬೇಗ ಮುಟ್ಟಬೇಕು. ವರ್ಷಕ್ಕೊಮ್ಮೆಯ ಶಿಬಿರ ಸಾಲದು.

ನಮ್ಮ ಪಾಲಿನದ್ದೂ ಸ್ವಲ್ಪ ಇದೆ. ವಾರಸುದಾರರಿಲ್ಲದ ಬ್ಯಾಗ್, ಟಿಫಿನ್ ಡಬ್ಬ ಕಂಡರೆ ಮುಟ್ಟಬೇಡಿ, ಸರಿಸಬೇಡಿ. ಹತ್ತಿರ ನಿಂತು ಮೊಬೈಲ್ ಬಳಸಬೇಡಿ, ವಿಡಿಯೊ ಮಾಡಬೇಡಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಊಹೆ ಹಂಚಬೇಡಿ. ಜನ ಗುಂಪು ಸೇರಿದಷ್ಟೂ ಆ ಸೂಟ್ ತೊಟ್ಟವರ ಕೆಲಸ ಕಷ್ಟವಾಗುತ್ತದೆ. ಅವರೂ ಸಂಜೆ ಮನೆಗೆ ಮರಳಬೇಕಲ್ಲವೇ?