ಹಳೆಯ ಜಮಖಾನ, ಕಂಬಳಿ ತೊಳೆಯುವ ಮುನ್ನ

ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಹಾಸುಗಳೂ ಕೆಳಗಿಳಿಯುತ್ತವೆ. ನವಲಗುಂದದ ಜಮಖಾನ, ಕುರುಬರು ನೇಯ್ದ ಕರಿ ಕಂಬಳಿ, ಯಾರೋ ಕಾಶ್ಮೀರದಿಂದ ತಂದ ರತ್ನಗಂಬಳಿ, ಮೂರಕ್ಕೂ ಒಂದೇ ಬಕೆಟ್ಟು, ಒಂದೇ ಸೋಪಿನ ಪುಡಿ. ತಲೆಮಾರು ಬಾಳಿದ ಹಾಸು ಒಂದು ಮಧ್ಯಾಹ್ನದಲ್ಲಿ ಕೆಡುವುದು ಹೀಗೆಯೇ.

ತಪ್ಪು ಕಲ್ಪನೆ: ಬಟ್ಟೆಗೆ ಹಾಕುವ ಸೋಪಿನ ಪುಡಿ ಎಲ್ಲ ಹಾಸಿಗೂ ಆದೀತು.

ವಾಸ್ತವ: ಮೊದಲು ನೂಲು ಯಾವುದೆಂದು ತಿಳಿಯಬೇಕು. ನವಲಗುಂದದ ಜಮಖಾನ ಹತ್ತಿಯದು, ಕಂಬಳಿ ಕುರಿಯ ಉಣ್ಣೆಯದು. ಅನುಮಾನವಿದ್ದರೆ ಅಂಚಿನಿಂದ ಒಂದೆಳೆ ಕಿತ್ತು, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟಂತಿದ್ದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ಉಣ್ಣೆಯೂ ನಮ್ಮ ಕೂದಲೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದ ಆದವು. ಸೋಪಿನ ಪುಡಿಯ ಕ್ಷಾರ ಅದನ್ನು ಒರಟಾಗಿಸುತ್ತದೆ, ಬ್ಲೀಚು ಕರಗಿಸಿಯೇ ಬಿಡುತ್ತದೆ. ಬಿಸಿನೀರಿನಲ್ಲಿ ತಿಕ್ಕಿದರಂತೂ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾಸು ಕುಗ್ಗಿ ಗಟ್ಟಿಯಾಗುತ್ತದೆ. ಮತ್ತೆ ಹಿಗ್ಗಿಸಲಾಗದು. ಉಣ್ಣೆಗೆ ತಣ್ಣೀರು ಮತ್ತು ಅಂಟುವಾಳದ ನೊರೆ ಸಾಕು, ಅದರಲ್ಲಿ ಕ್ಷಾರವಿಲ್ಲ. ತಿಕ್ಕಬೇಡಿ, ಹಿಂಡಬೇಡಿ, ಅದುಮಿ ನೀರಿಳಿಸಿ. ತಿಳಿ ಬಣ್ಣದ ಹಾಸಾದರೆ ಅಂಟುವಾಳವನ್ನೂ ಮೂಲೆಯಲ್ಲಿ ಪರೀಕ್ಷಿಸಿಯೇ ಬಳಸಿ. ಹೊಸ ಕಂಬಳಿಯ ಬಿರುಸು ಹುಣಸೆಬೀಜದ ಗಂಜಿಯದು. ತೊಳೆದಾಗ ಅದು ಹೋಗಿ ಕಂಬಳಿ ಮೆತ್ತಗಾದರೆ ಗಾಬರಿ ಬೇಡ.

ತಪ್ಪು ಕಲ್ಪನೆ: ತಂತಿಯ ಮೇಲೆ ಹಾಕಿ ಬಲವಾಗಿ ಬಡಿದರೆ ಧೂಳೆಲ್ಲ ಹೋಗುತ್ತದೆ.

ವಾಸ್ತವ: ಹೋಗುತ್ತದೆ, ಜೊತೆಗೆ ಹಾಸೂ ಹೋಗುತ್ತದೆ. ಇಡೀ ಭಾರ ತಂತಿಯ ಗೆರೆಯೊಂದರ ಮೇಲೆ ಬಿದ್ದು ಹಳೆಯ ಹಾಸುನೂಲು ಅಲ್ಲೇ ತುಂಡಾಗುತ್ತದೆ. ಹಾಗೆಂದು ಧೂಳನ್ನು ಬಿಡುವಂತೆಯೂ ಇಲ್ಲ. ಬುಡಕ್ಕಿಳಿದ ಮರಳಿನ ಕಣ ಪ್ರತಿ ಹೆಜ್ಜೆಗೂ ನೂಲನ್ನು ಅರದಂತೆ ಉಜ್ಜುತ್ತದೆ. ನೆಲಕ್ಕೆ ಹಳೆಯ ಸೀರೆ ಹಾಸಿ, ಅದರ ಮೇಲೆ ರತ್ನಗಂಬಳಿಯನ್ನು ಬೋರಲು ಹಾಕಿ ಬೆನ್ನಿಗೆ ಅಂಗೈಯಿಂದ ತಟ್ಟಿ. ಎತ್ತಿ ನೋಡಿದರೆ ಸೀರೆಯ ಮೇಲೆ ಉದುರಿದ ಮಣ್ಣು ಕಾಣುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ತಿರುಗುವ ಬ್ರಷ್ ತೆಗೆದು ಬಳಸಿ, ಅಂಚಿನ ಕುಚ್ಚಿನ ಹತ್ತಿರ ಒಯ್ಯಬೇಡಿ. ಇಷ್ಟನ್ನು ಆಗಾಗ ಮಾಡಿದರೆ ತೊಳೆಯುವ ಪ್ರಮೇಯವೇ ಅಪರೂಪ.

ತಪ್ಪು ಕಲ್ಪನೆ: ನೀರಿಗೆ ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ಬಿಡುವುದಿಲ್ಲ.

ವಾಸ್ತವ: ಉಪ್ಪಿನ ಕೆಲಸ ಬಣ್ಣ ಹಾಕುವಾಗಿನ ಪಾತ್ರೆಯಲ್ಲಿ, ಹಾಸಿನಿಂದ ಆಗಲೇ ಬಿಡುತ್ತಿರುವ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ. ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಹಾಸನ್ನು ಮನೆಯಲ್ಲಿ ನೆನೆಸಲೇಬೇಡಿ. ಬೆನ್ನಿಗೆ ಅಂಟು ಬಳಿದು ಬಟ್ಟೆ ಮೆತ್ತಿದ ಹಾಸುಗಳಿಗೂ ಇದೇ ಮಾತು. ನೆಂದರೆ ಅಂಟು ಸಡಿಲವಾಗುತ್ತದೆ.

ತಪ್ಪು ಕಲ್ಪನೆ: ಅರಿಶಿನದ ಕಲೆಗೆ ಸೋಪು ಹಚ್ಚಿ ಉಜ್ಜಬೇಕು.

ವಾಸ್ತವ: ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ; ಸೋಪು ತಾಗಿದ್ದೇ ಹಳದಿ ಕಲೆ ಕೆಂಪು ಕಲೆಯಾಗುವುದು ಅದಕ್ಕೇ. ಉಜ್ಜಿದರೆ ಕಲೆ ಹರಡುತ್ತದೆ. ಒಣ ಬಟ್ಟೆಯಿಂದ ಒತ್ತಿ ತೆಗೆದು, ತಣ್ಣೀರಿನ ಬಟ್ಟೆಯಿಂದ ಮತ್ತೆ ಒತ್ತಿ. ಉಳಿದ ಹಳದಿ ಬೆಳಕಿಗೆ ತಾನಾಗಿ ಮಾಸುತ್ತದೆ. ಆದರೆ ಕಲೆಯನ್ನು ಮಾಸಿಸುವ ಬಿಸಿಲು ಹಾಸಿನ ಬಣ್ಣವನ್ನೂ ಬಿಡುವುದಿಲ್ಲ. ಹಾಗಾಗಿ ಕಲೆಯಷ್ಟೇ ಕಾಣುವಂತೆ ಉಳಿದ ಭಾಗವನ್ನು ಮುಚ್ಚಿ. ತೊಳೆದ ಹಾಸನ್ನು ಒಣಗಿಸಬೇಕಾದ್ದು ನೆರಳಿನಲ್ಲಿ, ಗಾಳಿಯಾಡುವ ಕಡೆ, ಬುಡದವರೆಗೂ.

ತಪ್ಪು ಕಲ್ಪನೆ: ನುಸಿಗುಳಿಗೆ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಚಿಂತೆಯಿಲ್ಲ.

ವಾಸ್ತವ: ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಕತ್ತಲ ಮಡಿಕೆಯಲ್ಲಿ ಅಡಗಿದ ಅದರ ಮರಿಹುಳು. ನ್ಯಾಫ್ತಲೀನ್ ಗುಳಿಗೆ ಕೆಲಸ ಮಾಡುವುದು ಆವಿ ಹೊರಹೋಗದ ಬಿಗಿಯಾದ ಪೆಟ್ಟಿಗೆಯಲ್ಲಿ ಮಾತ್ರ. ಆ ಆವಿ ನಮಗೂ ಒಳ್ಳೆಯದಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಅದು ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ. ಗುಳಿಗೆಯ ವಾಸನೆ ಹೊಡೆಯುವ ಕಂಬಳಿಯನ್ನು ಬಾಣಂತಿ ಕೋಣೆಗೆ ದಯವಿಟ್ಟು ಒಯ್ಯಬೇಡಿ. ಇನ್ನು ಪ್ಲಾಸ್ಟಿಕ್ಕು ತೇವವನ್ನು ಒಳಗೇ ಹಿಡಿದಿಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಖಂಡಿತ. ಪೂರ್ತಿ ಒಣಗಿದ ಹಾಸನ್ನು ಮಡಚದೆ ಸುರುಳಿ ಸುತ್ತಿ ಹತ್ತಿಯ ಪಂಚೆಯಲ್ಲಿ ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ಬೆಳಕಿಗೆ ಹಿಡಿದು ಕೊಡವಿ. ಹುಳು ಬಿದ್ದ ಸಣ್ಣ ಹಾಸಾದರೆ ಚೀಲದಲ್ಲಿ ಬಿಗಿದು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ, ಮೊಟ್ಟೆಯೂ ಸಾಯುತ್ತದೆ.

ತಪ್ಪು ಕಲ್ಪನೆ: ಅಂಚು ಹರಿದ ಹಾಸು ಕಾಲೊರಸಿಗೇ ಸರಿ.

ವಾಸ್ತವ: ಬಿಚ್ಚಿಕೊಂಡ ಅಂಚನ್ನು ಹತ್ತಿ ದಾರದಿಂದ ಹೊಲಿದರೆ ಹರಿಯುವುದು ಅಲ್ಲಿಗೇ ನಿಲ್ಲುತ್ತದೆ. ತೊಳೆಯುವ ಮೊದಲೇ ಹೊಲಿಯಬೇಕು. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ನಿಂತ ಮಗ್ಗದ ಮುಂದೆ ಕೂತು ಪಗಡೆಹಾಸು, ನವಿಲುಗಳನ್ನು ನೇಯುವ ಹೆಣ್ಣುಮಕ್ಕಳು ಅಲ್ಲಿ ಉಳಿದಿರುವುದು ಕೆಲವರೇ. ನಿಮ್ಮ ಅಟ್ಟದಲ್ಲಿ ಅಂಥದೊಂದು ಇದ್ದರೆ ಎಸೆಯಬೇಡಿ, ಹೊಲಿಸಿ ಉಳಿಸಿಕೊಳ್ಳಿ.